ನಾವು ಬರೆದ ಎಂಟು ಸಾಲು, ತಂಗಿಯ ಲ್ಯಾಬು

ಹೋದ ವರ್ಷ ನಾವು ಬರೆದ ಒಂದು ಸುದ್ದಿಯಿಂದಾಗಿ, ನಮ್ಮ ಚಿಕ್ಕಪ್ಪನ ಮನೆಗೆ ಹೆಣ್ಣು ನೋಡಲು ಬರಬೇಕಿದ್ದ ಗಂಡಿನ ಕಡೆಯವರು ಬರಲಿಲ್ಲ. ಭಾನುವಾರ ಬೆಳಿಗ್ಗೆಯೇ ಚಿಕ್ಕಮ್ಮ ಒಬ್ಬಟ್ಟಿಗೆ ಬೇಳೆ ಬೇಯಿಸಿಟ್ಟಿದ್ದರು. ಹನ್ನೊಂದು ಗಂಟೆಗೆ ಫೋನ್ ಬಂತು. 'ಈಗ ಬೇಡ, ಆಷಾಢ ಕಳೀಲಿ ನೋಡಾಣ' ಅಂತ. ಆಷಾಢ ಕಳೆಯಿತು, ಶ್ರಾವಣವೂ ಕಳೆಯಿತು. ಆ ಕಡೆಯಿಂದ ಮಾತಿಲ್ಲ.

ಸುದ್ದಿ ಅಂದರೆ ದೊಡ್ಡದೇನಲ್ಲ, ಸಿಂಗಲ್ ಕಾಲಂ, ಎಂಟು ಸಾಲು. ಚಿಕ್ಕಪ್ಪನ ಮಗಳು ಬಯೋಟೆಕ್ನಾಲಜಿಯಲ್ಲಿ ಎಂ.ಎಸ್ಸಿ. ಮುಗಿಸಿ ಬೆಂಗಳೂರಿನ ಒಂದು ಸಂಶೋಧನಾ ಲ್ಯಾಬಿಗೆ ಸೇರಿದ್ದಳು. ನಮ್ಮೂರಲ್ಲಿ ಆ ಓದು ಓದಿದ ಮೊದಲ ಹುಡುಗಿ. ಖುಷಿಗೆ ಬರೆದು ಕಳಿಸಿದೆವು. ಮನುಷ್ಯರ ಕ್ಯಾನ್ಸರ್ ಜೀವಕೋಶಗಳನ್ನು ಗಾಜಿನ ಕೋಣೆಯಲ್ಲಿ ಬೆಳೆಸುವ ಕೆಲಸ ಅವಳದು ಎಂದು ಬರೆದಿದ್ದೆವು. ಡೆಸ್ಕಿನವರು ಕೊಟ್ಟ ಹೆಡ್ಡಿಂಗು: 'ಕ್ಯಾನ್ಸರ್ ಜೊತೆ ನಿತ್ಯ ಸರಸ, ಹಳ್ಳಿ ಹುಡುಗಿಯ ಸಾಹಸ!'

ಹೆಡ್ಡಿಂಗು ನಮ್ಮದಲ್ಲ ಅಂತ ಹೇಳಿ ಕೈ ತೊಳೆದುಕೊಳ್ಳಬಹುದು. ಜಿಲ್ಲೆಯ ಸ್ಟ್ರಿಂಗರುಗಳೆಲ್ಲ ಅದನ್ನೇ ಮಾಡೋದು. ಆದರೆ ಒಳಗಿನ ಎಂಟು ಸಾಲಿನಲ್ಲಿ 'ಅಪಾಯಕಾರಿ' ಅನ್ನುವ ಪದವನ್ನು ಎರಡು ಸಲ ಬರೆದವರು ನಾವೇ. ಯಾಕೆ ಅಪಾಯ, ಎಷ್ಟು ಅಪಾಯ, ಯಾರಿಗೆ ಅಪಾಯ ಅಂತ ಅವಳನ್ನು ಒಂದು ಮಾತು ಕೇಳಿರಲಿಲ್ಲ. (ಡಿಪ್ಲೊಮಾ ಓದುವಾಗ ಸುದ್ದಿಯಲ್ಲಿ 'ನಾನು' ಬರಬಾರದು ಅಂತ ಕಲಿಸಿದರು. ಆ ರೂಢಿಗೆ ಇಲ್ಲೂ 'ನಾವು' ಅಂತಲೇ ಬರೆಯುತ್ತಿದ್ದೇವೆ. ತಪ್ಪು ಮಾತ್ರ ಒಬ್ಬನದೇ.)

ಪೇಪರ್ ತುಂಡು ವಾಟ್ಸಾಪಿನಲ್ಲಿ ಓಡಾಡಿತು. ಟೀ ಅಂಗಡಿ ಕಟ್ಟೆಯಲ್ಲಿ ನಮ್ಮ ಮುಂದೆಯೇ ಒಬ್ಬರು ಕೇಳಿದರು, 'ಅಲ್ಲ ಕಣಪ್ಪ, ಅದು ಅಂಟ್ಕಂತದಂತಲ್ಲ, ಮನೆ ಸೊಸೆ ಮಾಡ್ಕಂಡೋರ ಗತಿ ಏನು?' ನಮ್ಮ ಬಾಯಲ್ಲಿ ಉತ್ತರ ಇರಲಿಲ್ಲ. ಅಂಟಲ್ಲ ಅಂತ ಜೋರಾಗಿ ಹೇಳೋಣ ಅಂದರೆ ಅದೂ ನಮಗೆ ಗೊತ್ತಿರಲಿಲ್ಲ.

ಕೊನೆಗೆ ಒಂದು ದಿನ ಶಿರಾದಲ್ಲಿ ಬೆಳಗಿನ ಬಸ್ಸು ಹತ್ತಿ, ಗೊರಗುಂಟೆಪಾಳ್ಯದಲ್ಲಿ ಇಳಿದು, ಅವಳ ಲ್ಯಾಬಿಗೆ ಹೋದೆವು. ಅವಳ ಮೇಡಂ ಅನುಮತಿ ಕೊಟ್ಟಿದ್ದರು, ಆದರೆ ಕೋಶ ಬೆಳೆಸುವ ಕೋಣೆಯ ಒಳಗೆ ಅಲ್ಲ. ಗಾಜಿನ ಈಚೆ ನಿಂತು ನೋಡಬೇಕು. ಬಾಗಿಲಲ್ಲಿ ಒಂದು ಹಳದಿ ಗುರುತು, ಅದರ ಕೆಳಗೆ 'ಬಿ.ಎಸ್.ಎಲ್. 2' ಎಂದು ಬರೆದಿತ್ತು. ಅಪಾಯದ ಮಟ್ಟ ನೋಡಿ ಲ್ಯಾಬುಗಳನ್ನು ನಾಲ್ಕು ಮೆಟ್ಟಿಲು ಮಾಡಿದ್ದಾರೆ. ರೋಗ ತರದ ಸೂಕ್ಷ್ಮಜೀವಿಗಳಿಗೆ ಒಂದನೆಯದು, ಎಬೋಲಾದಂಥ ಮಾರಿಗೆ ನಾಲ್ಕನೆಯದು. ಮನುಷ್ಯರ ಜೀವಕೋಶಗಳನ್ನು ಎರಡನೆಯ ಮೆಟ್ಟಿಲಲ್ಲಿ ಇಟ್ಟು ಕೆಲಸ ಮಾಡುತ್ತಾರೆ.

'ಅಣ್ಣ, ಫೋನ್ ಆ ಟ್ರೇನಲ್ಲಿ ಇಡು,' ಅಂದಳು ತಂಗಿ. ಒಳಗೆ ಹೋಗುವವರು ಫೋನು, ನೀರಿನ ಬಾಟಲಿ, ಊಟದ ಡಬ್ಬಿ ಎಲ್ಲ ಹೊರಗೇ ಬಿಡಬೇಕು. ಗ್ಲೌಸು ಹಾಕಿದ ಕೈಯಲ್ಲಿ ಫೋನ್ ಮುಟ್ಟಿ, ಆಮೇಲೆ ಅದೇ ಫೋನನ್ನು ಕಿವಿಗೆ ಇಟ್ಟುಕೊಂಡರೆ ಗ್ಲೌಸು ಹಾಕಿ ಏನು ಬಂತು? ಇದನ್ನು ಫೋನಿನಲ್ಲೇ ಓದುತ್ತಿರುವ ನಿಮಗೆ ಹೆಚ್ಚು ಬಿಡಿಸಿ ಹೇಳಬೇಕಿಲ್ಲ. ಬಿಳಿ ಕೋಟು ಒಳಗಿನ ಗೂಟದಲ್ಲೇ ಇರುತ್ತದೆ. ಅದನ್ನು ಹಾಕಿಕೊಂಡು ಕ್ಯಾಂಟೀನಿಗೆ ಬರುವ ಹಾಗಿಲ್ಲ.

ಮೊದಲು ಈ ಜೀವಕೋಶ ಅಂದರೆ ಏನು ಅಂತ ಹೇಳಿಬಿಡೋಣ. ನಮ್ಮ ಮೈಯ ಒಂದು ಚೂರು ಚರ್ಮವನ್ನೋ ಗಂಟನ್ನೋ ತೆಗೆದು, ಅದರಲ್ಲಿನ ಕಣ್ಣಿಗೆ ಕಾಣದ ಕೋಶಗಳನ್ನು ಬಿಡಿಸಿ, ಪ್ಲಾಸ್ಟಿಕ್ ಸೀಸೆಯಲ್ಲಿ ಆಹಾರದ ದ್ರವ ಹಾಕಿ ಬೆಳೆಸುತ್ತಾರೆ. ಸಾಮಾನ್ಯ ಕೋಶಗಳು ಒಂದಷ್ಟು ಸಲ ಒಡೆದು ಎರಡಾಗಿ ಆಮೇಲೆ ನಿಂತುಬಿಡುತ್ತವೆ. ಕ್ಯಾನ್ಸರ್ ಕೋಶಗಳಲ್ಲಿ ಕೆಲವು ನಿಲ್ಲುವುದೇ ಇಲ್ಲ. ಹಾಗೆ ವರ್ಷಗಟ್ಟಲೆ ಒಂದೇ ಕುಲ ಬೆಳೆಯುತ್ತಾ ಹೋದರೆ ಅದನ್ನು 'ಸೆಲ್ ಲೈನ್' ಅನ್ನುತ್ತಾರೆ. ಟೊಮೆಟೊ ನರ್ಸರಿಯ ಟ್ರೇ ನೋಡಿದವರಿಗೆ ಇದು ಸುಲಭ. ಸಸಿ ಒತ್ತಾದರೆ ಕಿತ್ತು ಬೇರೆ ಮಡಿಗೆ ನೆಡುವ ಹಾಗೆ, ಸೀಸೆ ತುಂಬಿದರೆ ಕೋಶಗಳನ್ನು ಹಂಚಿ ಹೊಸ ಸೀಸೆಗೆ ಹಾಕುತ್ತಾರೆ. ಹೊಸ ಔಷಧಿ ಕೆಲಸ ಮಾಡುತ್ತದಾ ಅಂತ ಮೊದಲು ನೋಡುವುದು ಇವುಗಳ ಮೇಲೆ.

ಗಾಜಿನಾಚೆ ಅವಳ ಕೆಲಸ ನೋಡಿದೆವು. ಎದೆಮಟ್ಟಕ್ಕೆ ಒಂದು ಸ್ಟೀಲಿನ ಪೆಟ್ಟಿಗೆ, ಮುಂದೆ ಅರ್ಧ ಇಳಿಸಿದ ಗಾಜು, ಕೆಳಗೆ ಕೈ ತೂರಿಸುವಷ್ಟೇ ಜಾಗ. ಇದು ಜೈವಿಕ ಸುರಕ್ಷತಾ ಕ್ಯಾಬಿನೆಟ್ಟು. ಒಳಗೆ ಶೋಧಿಸಿದ ಗಾಳಿ ಮೇಲಿಂದ ಕೆಳಕ್ಕೆ ಇಳಿಯುತ್ತದೆ. ಹೊರಗಿನ ಗಾಳಿ ಮುಂದಿನ ಜಾಲರಿಯೊಳಕ್ಕೆ ಎಳೆದುಕೊಂಡು ಹೋಗುತ್ತದೆ. ಎರಡೂ ಸೇರಿ ಕಣ್ಣಿಗೆ ಕಾಣದ ಪರದೆ. ಒಳಗಿನ ಹನಿ ಅವಳ ಮೂಗಿಗೆ ಬರದು, ಅವಳ ಉಸಿರು ಕೋಶಗಳಿಗೆ ಮುಟ್ಟದು. ಅವಳು ಬಂದ ಕೂಡಲೇ ಶುರು ಮಾಡಲಿಲ್ಲ. ಫ್ಯಾನು ಹಾಕಿ ಸ್ವಲ್ಪ ಹೊತ್ತು ಕಾದಳು, 70 ಪರ್ಸೆಂಟ್ ಆಲ್ಕೋಹಾಲಿನಲ್ಲಿ ಹಲಗೆ ಒರೆಸಿದಳು, ಸೀಸೆಗಳನ್ನು ಒಂದೊಂದಾಗಿ ಒರೆಸಿ ಒಳಗಿಟ್ಟಳು. ಆಮೇಲೆ ಕೈ ತೂರಿಸಿ, ಹಸುಗೂಸಿಗೆ ನೀರು ಹಾಕುವವರ ಹಾಗೆ ನಿಧಾನ. ಕೈ ಬೀಸಿದರೆ ಆ ಗಾಳಿಯ ಪರದೆ ಹರಿಯುತ್ತದಂತೆ. ಜಾಲರಿ ಮೇಲೆ ಒಂದು ಹಾಳೆ ಇಟ್ಟರೂ ಕೆಟ್ಟಿತು.

ಆಮೇಲೆ ಕ್ಯಾಂಟೀನಿನಲ್ಲಿ ಕೂತು ಕೇಳಿದೆವು, 'ನೂರಕ್ಕೆ ನೂರು ಆಲ್ಕೋಹಾಲ್ ಹಾಕಿದ್ರೆ ಇನ್ನೂ ಒಳ್ಳೇದಲ್ವಾ?' ಅವಳು ನಕ್ಕಳು. ಬರೀ ಆಲ್ಕೋಹಾಲು ತಟ್ಟನೆ ಆರಿಹೋಗುತ್ತದೆ. ಸ್ವಲ್ಪ ನೀರಿದ್ದರೆ ಕ್ರಿಮಿಯ ಒಳಕ್ಕೆ ಇಳಿದು, ಹೆಚ್ಚು ಹೊತ್ತು ನಿಂತು ಕೊಲ್ಲುತ್ತದೆ. ಅದಕ್ಕೇ 70.

ಇನ್ನೊಂದು ವಿಷಯ ಹೇಳಿದಳು, ಇದು ನಮಗೆ ಹೊಸದು. ಹೊರಗಿಂದ ನೋಡಿದರೆ ಹೆಚ್ಚುಕಮ್ಮಿ ಇದೇ ಥರ ಕಾಣುವ ಇನ್ನೊಂದು ಪೆಟ್ಟಿಗೆ ಇದೆ, ಹಿಂದಿನಿಂದ ನೇರ ಮುಂದಕ್ಕೆ ಗಾಳಿ ಬೀಸುವಂಥದ್ದು. ಬಾಳೆ ಅಂಗಾಂಶ ಕೃಷಿ ಮಾಡುವ ಕಡೆ ಅದು ಸಾಮಾನ್ಯ. ಗಿಡಕ್ಕೆ ಅದು ಚೆನ್ನ. ಆದರೆ ಮನುಷ್ಯರ ಕೋಶಕ್ಕೆ ಅದನ್ನು ಬಳಸಿದರೆ ಸೀಸೆಯಲ್ಲಿರೋದೆಲ್ಲ ಕೆಲಸ ಮಾಡುವವಳ ಮುಖಕ್ಕೇ ಬಡಿಯುತ್ತದೆ. ಕೋಶ ಕ್ಷೇಮ, ಮನುಷ್ಯಳಿಗೆ ಕೇಡು.

ಹಳೇ ಕಾಲದಲ್ಲಿ ಲ್ಯಾಬಿನವರು ಗಾಜಿನ ಕೊಳವೆಯನ್ನು ಬಾಯಲ್ಲಿ ಹೀರಿ ದ್ರವ ಎತ್ತುತ್ತಿದ್ದರು. ಬೈಕಿನ ಟ್ಯಾಂಕಿಂದ ಪೈಪ್ ಹಾಕಿ ಪೆಟ್ರೋಲ್ ಹೀರುವ ಹಾಗೇ. ಒಂದು ಸಲ ಬಾಯಿಗೆ ಬಂದರೆ ಏನಾಗುತ್ತದೆ ಅಂತ ಆ ಕೆಲಸ ಮಾಡಿದವರಿಗೆ ಗೊತ್ತು, ಅದೂ ಬರೀ ಪೆಟ್ರೋಲು. ಲ್ಯಾಬುಗಳಲ್ಲಿ ಹಾಗೆ ರೋಗ ಹತ್ತಿಸಿಕೊಂಡವರು ಇದ್ದಾರೆ. ಈಗ ಬಾಯಿ ಹಾಕುವುದು ಪೂರ್ತಿ ನಿಷೇಧ. ಬ್ಯಾಟರಿಯ ಪಿಪೆಟ್ಟು ಬಂದಿದೆ.

'ಸರಿ, ಅಂಟುತ್ತಾ ಇಲ್ವಾ? ಅದನ್ನ ಹೇಳು,' ಅಂದೆವು.

ತಂಗಿ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಹೇಳಿದ್ದನ್ನು ನೆನಪಿದ್ದಷ್ಟು ಇಲ್ಲಿ ಬರೆಯುತ್ತಿದ್ದೇವೆ.

ಕೋಶಗಳು ನೆಗಡಿಯ ಹಾಗೆ ಗಾಳಿಯಲ್ಲಿ ಹಾರಿ ಬರುವುದಿಲ್ಲ. ಅವಕ್ಕೆ 37 ಡಿಗ್ರಿ ಶಾಖ ಬೇಕು, 5 ಪರ್ಸೆಂಟ್ ಕಾರ್ಬನ್ ಡೈಆಕ್ಸೈಡ್ ಇರುವ ಪೆಟ್ಟಿಗೆ ಬೇಕು, ಹೊತ್ತುಹೊತ್ತಿಗೆ ಊಟ ಬೇಕು. ಮೇಜಿನ ಮೇಲೆ ಚೆಲ್ಲಿ ಒಣಗಿದರೆ ಸತ್ತವು. ಬೇರೊಬ್ಬರ ಕೋಶ ನಮ್ಮ ಮೈ ಹೊಕ್ಕರೂ ನಮ್ಮ ರಕ್ಷಣಾ ಶಕ್ತಿ ಅದನ್ನು ಪರದೇಶಿ ಅಂತ ಗುರುತಿಸಿ ಕೊಲ್ಲುತ್ತದೆ. ಕಿಡ್ನಿ ಕಸಿ ಮಾಡಿಸಿಕೊಂಡವರು ಜೀವನಪೂರ್ತಿ ಮಾತ್ರೆ ನುಂಗುವುದು ಇದೇ ಕಾರಣಕ್ಕೆ, ಬೇರೆಯವರ ಅಂಗವನ್ನು ಮೈ ಒಪ್ಪುವುದಿಲ್ಲ. ಹಾಗಾಗಿ ಲ್ಯಾಬಿನಲ್ಲಿ ಕೆಲಸ ಮಾಡುವವಳ ಜೊತೆ ಉಂಡರೆ, ಮಲಗಿದರೆ, ಅವಳು ಅಡುಗೆ ಮಾಡಿದರೆ ಯಾರಿಗೂ ಕ್ಯಾನ್ಸರ್ ಬರುವುದಿಲ್ಲ.

'ಇದನ್ನೇ ಬರೀತೀನಿ, ಏನೂ ಅಪಾಯ ಇಲ್ಲ ಅಂತ,' ಎಂದು ಪೆನ್ನು ತೆಗೆದೆವು.

'ಬೇಡ ಅಣ್ಣ. ಏನೂ ಇಲ್ಲ ಅಂತ ಬರೀಬೇಡ. ಆಗ ಅದೂ ಸುಳ್ಳೇ ಆಗುತ್ತೆ.'

1986ರಲ್ಲಿ ಅಮೆರಿಕದ ಒಂದು ವೈದ್ಯಕೀಯ ಪತ್ರಿಕೆಯಲ್ಲಿ ಒಂದು ಪ್ರಕರಣ ಬಂತು. ಲ್ಯಾಬಿನಲ್ಲಿ ಕೆಲಸ ಮಾಡುತ್ತಿದ್ದ 19 ವರ್ಷದ ಹುಡುಗಿ, ಆರೋಗ್ಯವಂತೆ. ದೊಡ್ಡ ಕರುಳಿನ ಕ್ಯಾನ್ಸರ್ ಕೋಶ ತುಂಬಿದ್ದ ಸೂಜಿ ಅವಳ ಕೈಗೆ ಚುಚ್ಚಿತು. ಕೆಲವು ವಾರದೊಳಗೆ ಅಲ್ಲೊಂದು ಸಣ್ಣ ಗಂಟು ಎದ್ದಿತು. ಅದನ್ನು ಕತ್ತರಿಸಿ ತೆಗೆದು ನೋಡಿದರೆ ಅದೇ ಕ್ಯಾನ್ಸರ್. ಇಂಥದ್ದು ಬಹಳ ಅಪರೂಪ, ಆದರೆ ಆಗಿದೆ. ಅದಕ್ಕೇ ತಂಗಿಯ ಲ್ಯಾಬಿನಲ್ಲಿ ಸೂಜಿಯನ್ನು ಆದಷ್ಟು ಮುಟ್ಟುವುದೇ ಇಲ್ಲ. ಮುಟ್ಟಿದರೆ ಮತ್ತೆ ಮುಚ್ಚಳ ಹಾಕುವ ಹಾಗಿಲ್ಲ, ಯಾಕೆಂದರೆ ಮುಚ್ಚಳ ಹಾಕುವಾಗ ಕೈಗೆ ಚುಚ್ಚಿಕೊಳ್ಳಬಹುದು. ನೇರ ಗಟ್ಟಿ ಡಬ್ಬಿಗೆ ಹಾಕಬೇಕು.

ಇದಕ್ಕಿಂತ ವಿಚಿತ್ರದ ನಿಯಮ ಇನ್ನೊಂದಿದೆ. ಯಾರೂ ತಮ್ಮದೇ ಮೈಯ ಕೋಶವನ್ನು ಬೆಳೆಸಿ ಅದರ ಮೇಲೆ ಪ್ರಯೋಗ ಮಾಡಬಾರದು. ಕೇಳಿದ ಕೂಡಲೇ ನಮಗೆ ಉಲ್ಟಾ ಅನ್ನಿಸಿತು. ನಮ್ಮದೇ ಕೋಶ ನಮಗೇನು ಮಾಡೀತು? ಆದರೆ ಯೋಚಿಸಿ ನೋಡಿ. ಪರರ ಕೋಶವನ್ನು ಮೈ ಓಡಿಸುತ್ತದೆ. ನಮ್ಮದೇ ಕೋಶ ಲ್ಯಾಬಿನಲ್ಲಿ ಕೆಟ್ಟು, ಅಳತೆ ಮೀರಿ ಬೆಳೆಯುವ ಗುಣ ಪಡೆದು, ಆಕಸ್ಮಿಕವಾಗಿ ಮೈ ಸೇರಿದರೆ? ಮನೆ ಮಗ ಬಂದ ಅಂತ ಮೈ ಬಾಗಿಲು ತೆರೆದುಬಿಡಬಹುದು.

ನಿಜವಾದ ಭಯ ಕ್ಯಾನ್ಸರಿನದಲ್ಲ, ವೈರಸ್ಸಿನದು ಅಂದಳು. ಕೋಶ ಯಾವ ಮನುಷ್ಯರಿಂದ ಬಂತೋ ಅವರ ಮೈಯಲ್ಲಿದ್ದ ವೈರಸ್ಸು ಕೋಶದ ಒಳಗೆ ಅಡಗಿ ಕೂತಿರಬಹುದು. ಕಾಮಾಲೆ ತರುವ ಹೆಪಟೈಟಿಸ್-ಬಿ, ಎಚ್‌ಐವಿ, ಇನ್ನೊಂದು. ಪರೀಕ್ಷೆ ಮಾಡಿರುತ್ತಾರೆ, ಆದರೆ ಗೊತ್ತಿರುವ ವೈರಸ್ಸಿಗೆ ಮಾತ್ರ ಪರೀಕ್ಷೆ ಮಾಡಲು ಸಾಧ್ಯ. ಗೊತ್ತಿಲ್ಲದ್ದಕ್ಕೆ?

ಇಲ್ಲಿ ಒಬ್ಬ ಹೆಣ್ಣುಮಗಳ ಕಥೆ ಹೇಳಲೇಬೇಕು. ಹೆನ್ರಿಯೆಟಾ ಲ್ಯಾಕ್ಸ್, ಅಮೆರಿಕದ ಕಪ್ಪು ಜನಾಂಗದ ಹೆಂಗಸು. ವರ್ಜೀನಿಯಾದ ಹಳ್ಳಿಯಲ್ಲಿ ಹೊಗೆಸೊಪ್ಪಿನ ಹೊಲದಲ್ಲಿ ದುಡಿದು ಬೆಳೆದವಳು, ಐದು ಮಕ್ಕಳ ತಾಯಿ. 1951ರಲ್ಲಿ ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಗೆ ಹೋದಾಗ ಗರ್ಭಕೊರಳಿನ ಕ್ಯಾನ್ಸರ್ ಎಂದರು. ಚಿಕಿತ್ಸೆ ಮಾಡುವಾಗ ಗಂಟಿನ ಚೂರೊಂದನ್ನು, ಅವಳನ್ನು ಕೇಳದೆ, ತೆಗೆದು ಜಾರ್ಜ್ ಗೈ ಎಂಬ ವಿಜ್ಞಾನಿಯ ಲ್ಯಾಬಿಗೆ ಕೊಟ್ಟರು. ಅಲ್ಲಿವರೆಗೆ ಬೆಳೆಸಿದ ಮನುಷ್ಯ ಕೋಶಗಳೆಲ್ಲ ಬೇಗ ಸಾಯುತ್ತಿದ್ದವು. ಇವಳವು ಹೆಚ್ಚುಕಮ್ಮಿ ದಿನಕ್ಕೊಂದು ಸಲ ದುಪ್ಪಟ್ಟಾದವು. ಅದೇ ವರ್ಷ ಅಕ್ಟೋಬರಿನಲ್ಲಿ ಅವಳು 31ನೇ ವಯಸ್ಸಿಗೆ ತೀರಿಕೊಂಡಳು. ಕೋಶಗಳು ಇವತ್ತಿಗೂ ಬದುಕಿವೆ, 'ಹೀಲಾ' ಅಂತ ಅವಳ ಹೆಸರಿನ ಅಕ್ಷರ ಹೊತ್ತುಕೊಂಡು. ಪೋಲಿಯೊ ಲಸಿಕೆಯ ಪರೀಕ್ಷೆಗೆ ಅವು ಬೇಕಾದವು. ನಮ್ಮ ಮಕ್ಕಳ ಬಾಯಿಗೆ ಬಿದ್ದ ಆ ಎರಡು ಹನಿಯ ಹಿಂದಿನ ಕಥೆಯಲ್ಲಿ ಆ ತಾಯಿಯೂ ಇದ್ದಾಳೆ. ಅವಳ ಮನೆಯವರಿಗೆ ವಿಷಯ ಗೊತ್ತಾಗಿದ್ದು 1970ರ ದಶಕದಲ್ಲಿ. ಅಷ್ಟರಲ್ಲಿ ಆ ಕೋಶಗಳನ್ನು ಮಾರಿ ಕಾಸು ಮಾಡಿದವರೂ ಆಗಿದ್ದರು. ಈ ಅನ್ಯಾಯದ ಬಗ್ಗೆ ಬೇರೆಯೇ ಲೇಖನ ಬರೆಯಬೇಕು, ಇಲ್ಲಿ ಜಾಗ ಸಾಲದು.

ನಮಗೆ ಇಲ್ಲಿ ಬೇಕಾದ್ದು ಇಷ್ಟು. ಆ ಹೀಲಾ ಕೋಶಗಳನ್ನು ಜಗತ್ತಿನ ಲ್ಯಾಬುಗಳೆಲ್ಲ 30ಕ್ಕೂ ಹೆಚ್ಚು ವರ್ಷ ಬೆಳೆಸಿ, ಹಂಚಿ, ಪೋಸ್ಟಿನಲ್ಲಿ ಕಳಿಸಿದ ಮೇಲೆ, 1980ರ ದಶಕದಲ್ಲಿ ಅದರೊಳಗೆ ಎಚ್‌ಪಿವಿ-18 ಎಂಬ ವೈರಸ್ಸಿನ ವಂಶವಾಹಿ ತುಂಡುಗಳಿರುವುದು ಪತ್ತೆಯಾಯಿತು. ಗರ್ಭಕೊರಳಿನ ಕ್ಯಾನ್ಸರಿಗೆ ಈ ವೈರಸ್ ಕುಟುಂಬವೇ ಕಾರಣ ಎಂದು ತೋರಿಸಿದ ಹೆರಾಲ್ಡ್ ಸುರ್ ಹೌಸನ್ ಅವರಿಗೆ 2008ರಲ್ಲಿ ನೊಬೆಲ್ ಬಂತು. ಅದು ತುಂಡು, ಹರಡುವ ಪೂರ್ತಿ ವೈರಸ್ಸಲ್ಲ, ಪುಣ್ಯ. ಆದರೆ ಅಷ್ಟು ವರ್ಷ ಮುಟ್ಟಿದವರು ಯಾರಿಗೂ ಅದು ಒಳಗಿದೆ ಅಂತ ಗೊತ್ತಿರಲಿಲ್ಲ. 'ಅದಕ್ಕೇ ಅಣ್ಣ, ಯಾವ ಸೀಸೆಯನ್ನೂ ಒಳ್ಳೇದು ಅಂತ ನಂಬಲ್ಲ. ಪ್ರತಿಯೊಂದರಲ್ಲೂ ಏನೋ ಇದೆ ಅಂತಲೇ ಮುಟ್ಟೋದು,' ಅಂದಳು. ಸೇರಿದ ಮೊದಲ ವಾರವೇ ಅವಳಿಗೆ ಹೆಪಟೈಟಿಸ್-ಬಿ ಲಸಿಕೆ ಶುರು ಮಾಡಿದ್ದಾರೆ. ಮೊದಲ ದಿನ, ಒಂದು ತಿಂಗಳಿಗೆ, ಆರು ತಿಂಗಳಿಗೆ, ಒಟ್ಟು ಮೂರು.

ಕೆಲಸ ಮುಗಿದ ಮೇಲೆ ಏನು ಮಾಡುತ್ತಾರೆ ಅಂತಲೂ ನೋಡಿದೆವು. ಬಳಸಿದ ದ್ರವ ಬ್ಲೀಚಿಂಗ್ ದ್ರಾವಣ ಇರುವ ಸೀಸೆಗೆ ಹೋಗುತ್ತದೆ. ಅರ್ಧ ಗಂಟೆಯಾದರೂ ಅದರಲ್ಲಿ ನೆನೆಯಬೇಕು. ಪ್ಲಾಸ್ಟಿಕ್ಕು ಆಟೋಕ್ಲೇವಿಗೆ. ಆಟೋಕ್ಲೇವ್ ಅಂದರೆ ದೊಡ್ಡ ಕುಕ್ಕರ್ರೇ. 121 ಡಿಗ್ರಿ ಆವಿಯಲ್ಲಿ, ಒತ್ತಡ ಹಾಕಿ ಬೇಯಿಸುವುದು. ಆಮೇಲೆ ಹಳದಿ, ಕೆಂಪು, ಬಿಳಿ, ನೀಲಿ ಅಂತ ಬಣ್ಣದ ಚೀಲ, ಡಬ್ಬಿಗಳಿಗೆ ಬೇರೆಬೇರೆ. ದೇಶಕ್ಕೆಲ್ಲ 2016ರ ನಿಯಮ ಇದು. ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೂ ಇದೇ ಬಣ್ಣದ ಡಬ್ಬಿಗಳಿವೆ. ಅವುಗಳೊಳಗೆ ಏನು ಹಾಕಿರುತ್ತಾರೆ ಅಂತ ಹೋದಾಗ ಒಂದು ಸಲ ಬಗ್ಗಿ ನೋಡಿ.

ಮೂಲೆಯಲ್ಲಿ ಒಂದು ಉರುಟು ಕ್ಯಾನು ಕಂಡು ನಾವು ತಟ್ಟನೆ ಗುರುತು ಹಿಡಿದೆವು. ದನದ ಆಸ್ಪತ್ರೆಯಲ್ಲಿ ಕೃತಕ ಗರ್ಭಧಾರಣೆಯ ಕಡ್ಡಿ ಇಡುವ ಕ್ಯಾನು! ಅದೇ ದ್ರವ ನೈಟ್ರೋಜನ್, ಸೊನ್ನೆಗಿಂತ ಕೆಳಗೆ 196 ಡಿಗ್ರಿ. ಕೋಶಗಳನ್ನು ಅದರಲ್ಲಿ ವರ್ಷಗಟ್ಟಲೆ ನಿದ್ದೆ ಮಾಡಿಸಿ ಇಡುತ್ತಾರೆ. ಇಡೀ ಲ್ಯಾಬಿನಲ್ಲಿ ಕೂಡಲೇ ಜೀವ ತೆಗೆಯಬಲ್ಲ ವಸ್ತು ಇದೇ ಅಂತೆ. ಒಂದು ಲೀಟರ್ ಚೆಲ್ಲಿದರೆ ಸುಮಾರು 700 ಲೀಟರ್ ಗಾಳಿಯಾಗಿ ಉಬ್ಬುತ್ತದೆ. ಮುಚ್ಚಿದ ಸಣ್ಣ ಕೋಣೆಯಲ್ಲಿ ಆಮ್ಲಜನಕವನ್ನು ಹೊರದಬ್ಬಿ, ಉಸಿರು ಕಟ್ಟುವುದು ಗೊತ್ತಾಗುವ ಮೊದಲೇ ಮನುಷ್ಯ ಬಿದ್ದುಬಿಡುತ್ತಾನೆ. ಸಣ್ಣ ಶೀಶೆಯೊಳಗೆ ಅದು ನುಸುಳಿದ್ದರೆ, ಹೊರಗೆ ತೆಗೆದಾಗ ಶೀಶೆಯೇ ಸಿಡಿಯಬಹುದು. ಅದಕ್ಕೇ ಮುಖಕ್ಕೆ ಗುರಾಣಿ, ಕೈಗೆ ದಪ್ಪ ಗ್ಲೌಸು. ನಮ್ಮೂರ ಪಶು ಆಸ್ಪತ್ರೆಯ ಅಣ್ಣ ಬರಿಗೈಲಿ ಅದನ್ನು ಬೈಕಿಗೆ ಕಟ್ಟಿಕೊಂಡು ಹೋಗೋದು ನೆನಪಾಗಿ ನಮ್ಮ ಎದೆ ಝಲ್ ಅಂತು.

ಹೊರಡುವ ಮುಂಚೆ ಅವಳೊಂದು ರಿಜಿಸ್ಟರ್ ತೋರಿಸಿದಳು. ಸಾದಾ ಉದ್ದನೆಯ ಪುಸ್ತಕ. ದಿನಾಂಕ, ಏನಾಯಿತು, ಏನು ಮಾಡಿದೆವು, ಯಾರಿಗೆ ಹೇಳಿದೆವು, ಸಹಿ. ಅದರಲ್ಲಿ ಅವಳದೂ ಒಂದಿತ್ತು. ಸೇರಿದ ಎರಡನೇ ತಿಂಗಳು ಕೈ ಜಾರಿ ಒಂದು ಸೀಸೆ ನೆಲಕ್ಕೆ ಬಿದ್ದಿತ್ತು. ಎಲ್ಲರನ್ನೂ ಹೊರಗೆ ಕಳಿಸಿ, ಎದ್ದ ಹನಿ ಕೂರಲಿ ಅಂತ ಸ್ವಲ್ಪ ಹೊತ್ತು ಬಿಟ್ಟು, ಪೇಪರ್ ಮುಚ್ಚಿ, ಅಂಚಿನಿಂದ ನಡುವಿಗೆ ಬ್ಲೀಚಿಂಗ್ ಸುರಿದು, ಅರ್ಧ ಗಂಟೆ ಕಾದು ಒರೆಸಿದ್ದಳು. ಎಲ್ಲ ಅವಳ ಕೈಬರಹದಲ್ಲೇ ಇತ್ತು.

'ಬೈದ್ರಾ?'

'ಬೀಳಿಸಿದ್ದಕ್ಕೆ ಬೈಲಿಲ್ಲ. ಬರೀದೇ ಇದ್ದಿದ್ರೆ ಬೈತಿದ್ರು.'

ವಾಪಸ್ ಬಸ್ಸಿನಲ್ಲಿ ಆ ಪುಸ್ತಕವೇ ಕಣ್ಣಮುಂದೆ. ನಮ್ಮ ಹತ್ತು ವರ್ಷದ ಸ್ಟ್ರಿಂಗರ್ ಕೆಲಸದಲ್ಲಿ ನಾವು ಬರೆದದ್ದು ತಪ್ಪು ಅಂತ ಒಂದು ಸಲವೂ ಬರೆದಿಲ್ಲ. ಹೆಸರು ತಪ್ಪಿ ಬೇರೆಯವನ ಹೆಸರು ಬಂದಾಗಲೂ ಇಲ್ಲ. ಊರಿಗೆ ಬಂದ ರಾತ್ರಿಯೇ ತಿದ್ದುಪಡಿ ಅಂತ ಎಂಟು ಸಾಲು ಬರೆದು ಕಳಿಸಿದೆವು. 'ಹಳೇ ಸುದ್ದಿ ಬಿಡ್ರೀ, ಈಗ್ಯಾರು ಓದ್ತಾರೆ' ಅಂದರು ಡೆಸ್ಕಿನಲ್ಲಿ. ಗಂಡಿನ ಕಡೆಯವರು ಓದುತ್ತಾರೆ ಅಂತ ಅವರಿಗೆ ಹೇಗೆ ಹೇಳುವುದು? ಅದಕ್ಕೇ ಇಲ್ಲಿ ಬರೆಯುತ್ತಿದ್ದೇವೆ. ಪೋಸ್ಟ್ ಮಾಡುವ ಮೊದಲು ತಂಗಿಗೆ ಕಳಿಸಿದ್ದೆವು, ಮೂರು ಕಡೆ ತಿದ್ದಿದ್ದಾಳೆ.

ಕೋಶಗಳಿಗೆ ಹಾಕುವ ಊಟದಲ್ಲಿ ಹುಟ್ಟುವ ಮೊದಲೇ ತೆಗೆದ ಕರುವಿನ ರಕ್ತದ ಸೀರಂ ಇರುತ್ತದೆ. ಅದನ್ನು ಮಾತ್ರ ಮನೆಯಲ್ಲಿ ಅಜ್ಜಿಗೆ ಹೇಳಬೇಡ ಅಂದಿದ್ದಳು. ಅಜ್ಜಿ ಫೋನ್ ನೋಡುವುದಿಲ್ಲ. ನೀವೂ ಹೇಳಬೇಡಿ.

ಹೋದ ವಾರ ನಾವೇ ಗಂಡಿನ ಮನೆಗೆ ಹೋಗಿದ್ದೆವು. ಚಿಕ್ಕಪ್ಪನಿಗೆ ಹೇಳಿರಲಿಲ್ಲ. ಪೇಪರಿನಲ್ಲಿ ಬರೆದದ್ದು ನಾವೇ, ಅರ್ಧಂಬರ್ಧ ತಿಳಿದು ಬರೆದೆವು ಅಂತ ಹೇಳಿ, ಇಲ್ಲಿ ಬರೆದಿದ್ದನ್ನೆಲ್ಲ ಕೂತು ಹೇಳಿದೆವು. ಸೂಜಿ ಚುಚ್ಚಿದ ಹುಡುಗಿಯ ಕಥೆಯನ್ನೂ ಬಿಡಲಿಲ್ಲ. ಹುಡುಗ ಫೋನಿನಲ್ಲಿ ಏನೋ ಹುಡುಕುತ್ತಾ ಕೂತಿದ್ದ. ಅವನ ತಾಯಿ ಅವರೆಕಾಯಿ ಸುಲಿಯುತ್ತಾ ಎಲ್ಲ ಕೇಳಿಸಿಕೊಂಡರು. ಕೊನೆಗೆ ಒಂದೇ ಪ್ರಶ್ನೆ.

'ಆ ಬಿಳಿ ಕೋಟು ಯಾರಪ್ಪ ಒಗೆಯೋದು?'

'ಅಲ್ಲೇ ಒಗೆಸ್ತಾರಮ್ಮ. ಮನೆಗೆ ತರೋ ಹಂಗಿಲ್ಲ.'

'ಕೈ ತೊಳ್ಕಂಡೇ ಹೊರಕ್ಕೆ ಬರೋದಾ?'

'ಸೋಪು ಹಾಕಿ ತೊಳ್ಕಂಡೇ ಬರೋದು. ಬಾಗ್ಲಲ್ಲೇ ಸಿಂಕ್ ಐತೆ.'

'ಹ್ಞೂಂ' ಅಂದರು. ಕಾಫಿ ಕೊಟ್ಟರು, ಬರುವಾಗ ಒಂದು ಚೀಲ ಅವರೆಕಾಯಿಯನ್ನೂ ಕೊಟ್ಟರು. ಇನ್ನೂ ಏನೂ ಹೇಳಿ ಕಳಿಸಿಲ್ಲ.